ಇಲಿ ವೇಷದ ಪಟ್ಟಿ: ಟಚ್‌ಪ್ಯಾಡ್ ಡ್ರೈವರಿನ ಚರಿತ್ರೆ

"ಮೌಸ್ ಹೋಗ್ಬಿಟ್ಟಿದೆ, ಸ್ವಲ್ಪ ನೋಡಿ ಸಾರ್."

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ... ಯಾವ ಊರಿನ ಕಂಪ್ಯೂಟರ್ ರಿಪೇರಿ ಅಂಗಡಿಯ ಮುಂದೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ತಮಾಷೆಯೆಂದರೆ ಹೀಗೆ ಹೇಳುವವರ ಕೈಯಲ್ಲಿ ಮೌಸೇ ಇರುವುದಿಲ್ಲ. ತಂದಿರುವುದು ಲ್ಯಾಪ್‌ಟಾಪು, ಕೆಟ್ಟಿರುವುದು ಕೀಲಿಮಣೆಯ ಕೆಳಗೆ ಬೆರಳಾಡಿಸುವ ಚೌಕಟ್ಟು ಪಟ್ಟಿ, ಅಂದರೆ ಟಚ್‌ಪ್ಯಾಡ್. ತಿಳಿದವರು ನಗಬಹುದು. ಆದರೆ ಚರಿತ್ರೆ ನೋಡಿದರೆ ಹಾಗೆ ಹೇಳಿದವರೇ ಸರಿ! ಸುಮಾರು ಇಪ್ಪತ್ತು ವರ್ಷ ಟಚ್‌ಪ್ಯಾಡ್ ಬದುಕಿದ್ದೇ ಮೌಸಿನ ವೇಷ ಹಾಕಿಕೊಂಡು.

ಇದರಲ್ಲಿ ಬರೆಯುವಂಥದ್ದು ಏನಿದೆ ಅಂತೀರಾ? ಇದೆ. ಪಟ್ಟಿ ಅಲುಗಾಡಲಿಲ್ಲ ಎಂದರೆ ಸಾಮಾನ್ಯವಾಗಿ ಸಿಗುವ ಔಷಧ ಎರಡೇ. ಒಂದು "ಡ್ರೈವರ್ ಹಾಕ್ಬೇಕು", ಇನ್ನೊಂದು "ಫಾರ್ಮ್ಯಾಟ್ ಮಾಡ್ಬೇಕು". ಫಾರ್ಮ್ಯಾಟ್ ಆದ ಮೇಲೆ ಡಿಗ್ರಿ ಕೊನೆ ವರ್ಷದ ಪ್ರಾಜೆಕ್ಟು, ಅಂಕಪಟ್ಟಿಗಳ ಸ್ಕ್ಯಾನು, ಮನೆಯವರ ಫೋಟೋ ಎಲ್ಲವೂ ಹೋಗುತ್ತವೆ. ಅಷ್ಟಾದರೂ ಎಷ್ಟೋ ಸಲ ಪಟ್ಟಿ ಮಾತ್ರ ಇದ್ದ ಹಾಗೇ ಇರುತ್ತದೆ. ಕಾಯಿಲೆ ಯಾವುದು ಅಂತ ನೋಡದೆ ಔಷಧ ಕೊಟ್ಟರೆ ಆಗುವುದೇ ಅದು. ಈ ಕಾಯಿಲೆ ತಿಳಿಯಬೇಕಾದರೆ ಅದರ ಜಾತಕ, ಅಂದರೆ ಅದು ಹುಟ್ಟಿದ ಕಾಲ ತಿಳಿಯಬೇಕು.

ಡ್ರೈವರ್ ಅಲ್ಲ, ದುಭಾಷಿ

ಮೊದಲು ಈ "ಡ್ರೈವರ್" ಪದ. ಕನ್ನಡದಲ್ಲಿ ಇದನ್ನು ಚಾಲಕ ತಂತ್ರಾಂಶ ಅಂತ ಬರೆಯುತ್ತಾರೆ. ಕೇಳಿದ ಕೂಡಲೇ ಬಸ್ಸಿನ ಸ್ಟೀರಿಂಗ್ ಹಿಡಿದವನ ನೆನಪಾಗುತ್ತದೆ :) ನಿಜಕ್ಕೂ ಅದು ಮಾಡುವ ಕೆಲಸ ದುಭಾಷಿಯದು. ಯಂತ್ರಾಂಶ ಒಂದು ಭಾಷೆ ಆಡುತ್ತದೆ, ಕಾರ್ಯಾಚರಣ ವ್ಯವಸ್ಥೆ ಇನ್ನೊಂದು ಭಾಷೆ ಕೇಳುತ್ತದೆ. ನಡುವೆ ಕೂತು ಅರ್ಥ ಮಾಡಿಸುವವನೇ ಡ್ರೈವರ್.

ನಮ್ಮ ಕೋಲಾರ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಚಿನ್ನದ ಗಣಿ ಕಡೆ ಹೋದರೆ ತಮಿಳು, ಸಂತೆಯಲ್ಲಿ ಮೂರೂ ಕಲಸಿದ್ದು. ಮಾಲೂರು ತಾಲ್ಲೂಕಿನ ಮಾಸ್ತಿಯವರಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು, ಅವರು ಕನ್ನಡದ ಆಸ್ತಿಯಾದರು. ಒಳಗೊಂದು ಭಾಷೆ ಇಟ್ಟುಕೊಂಡು ಹೊರಗೊಂದು ಭಾಷೆಯಲ್ಲಿ ವ್ಯವಹರಿಸುವುದು ಇಲ್ಲಿ ದಿನನಿತ್ಯದ ಮಾತು. ಟಚ್‌ಪ್ಯಾಡ್ ಕೂಡ ಮಾಡಿದ್ದು ಅದನ್ನೇ.

ವೇಷ ಹಾಕಿದ ಕಾಲ

ಡಗ್ಲಸ್ ಎಂಗೆಲ್‌ಬಾರ್ಟ್ ಅಮೆರಿಕದಲ್ಲಿ ಮೌಸನ್ನು ಜನರೆದುರು ತೋರಿಸಿದ್ದು 1968ರ ಡಿಸೆಂಬರಿನಲ್ಲಿ. ಐಬಿಎಂ ಕಂಪನಿ 1987ರಲ್ಲಿ ಪಿಎಸ್/2 ಎಂಬ ಕಂಪ್ಯೂಟರ್ ತಂದಾಗ ಮೌಸಿಗೊಂದು ದುಂಡನೆಯ ಸಾಕೆಟ್ಟೂ, ಮಾತಾಡುವ ಒಂದು ಕ್ರಮವೂ ನಿಗದಿಯಾಯಿತು. ಆ ಮಾತು ಬಹಳ ಸರಳ. ಮೂರು ಬೈಟು: ಯಾವ ಗುಂಡಿ ಒತ್ತಿದೆ, ಅಡ್ಡಡ್ಡ ಎಷ್ಟು ಸರಿದೆ, ಉದ್ದುದ್ದ ಎಷ್ಟು ಸರಿದೆ. ಅಷ್ಟೇ. "ನಾನು ಎಲ್ಲಿದ್ದೇನೆ" ಅಂತ ಮೌಸ್ ಹೇಳುವುದೇ ಇಲ್ಲ, "ಎಷ್ಟು ಸರಿದೆ" ಅಂತ ಮಾತ್ರ ಹೇಳುತ್ತದೆ.

ಲ್ಯಾಪ್‌ಟಾಪಿನಲ್ಲಿ ಮೌಸ್ ಓಡಾಡಲು ಜಾಗವಿಲ್ಲವಲ್ಲ? 1991ರ ಆಪಲ್ ಪವರ್‌ಬುಕ್ಕಿನಲ್ಲಿ ಉರುಳುವ ಗುಂಡು ಬಂತು. 1992ರ ಐಬಿಎಂ ಥಿಂಕ್‌ಪ್ಯಾಡಿನಲ್ಲಿ ಕೀಲಿಗಳ ನಡುವೆ ಕೆಂಪು ಮೊಳೆ ಬಂತು. ಈ ನಡುವೆ ಜಾರ್ಜ್ ಗರ್ಫೈಡ್ ಎಂಬಾತ 1988ರಲ್ಲಿ ಬೆರಳು ಸವರುವ ಪಟ್ಟಿಯನ್ನು ರೂಪಿಸಿದ್ದ. ಆಪಲ್ ಅದನ್ನು 1994ರ ಪವರ್‌ಬುಕ್ಕುಗಳಲ್ಲಿ ಕೂರಿಸಿತು.

ಇನ್ನೊಂದು ಕಡೆಯಿಂದ ಬಂದವರು ಸಿನಾಪ್ಟಿಕ್ಸ್‌ನವರು. 1971ರ ಇಂಟೆಲ್ 4004 ಎಂಬ ಮೊದಲ ಮೈಕ್ರೋಪ್ರೊಸೆಸರಿನ ವಿನ್ಯಾಸ ನಡೆಸಿದ ಫೆಡೆರಿಕೊ ಫಜ್ಜಿನ್, ಪ್ರೊಫೆಸರ್ ಕಾರ್ವರ್ ಮೀಡ್ ಸೇರಿ 1986ರಲ್ಲಿ ಈ ಕಂಪನಿ ಕಟ್ಟಿದರು. ಅವರ ಆಸೆ ಇದ್ದದ್ದು ಮಿದುಳಿನ ನರಜಾಲದಂತೆ ಕೆಲಸ ಮಾಡುವ ಚಿಪ್ಪಿನ ಮೇಲೆ. ಹೊಟ್ಟೆ ತುಂಬಿಸಿದ್ದು ಟಚ್‌ಪ್ಯಾಡ್!

ಈಗ ಬಂತು ತೊಡಕು. ಬೆರಳು ಎಲ್ಲಿದೆ, ಎಷ್ಟು ಅಗಲವಾಗಿ ಊರಿದೆ ಎಂಬುದೆಲ್ಲ ಪಟ್ಟಿಗೆ ಗೊತ್ತು. ಕಂಪ್ಯೂಟರಿಗೆ ಅರ್ಥವಾಗುವುದು ಮಾತ್ರ ಮೌಸಿನ ಮೂರು ಬೈಟಿನ ಮಾತು. ಅದಕ್ಕೇ ಪಟ್ಟಿ ಸುಮ್ಮನೆ ಮೌಸಿನಂತೆ ನಟಿಸುತ್ತಾ ಎದ್ದಿತು. ಡ್ರೈವರ್ ಇಲ್ಲದಿದ್ದರೂ ಬಾಣ ಓಡುತ್ತದೆ, ಗುಂಡಿ ಕೆಲಸ ಮಾಡುತ್ತದೆ. ಸ್ಕ್ರೋಲ್ ಮಾಡುವುದು, ಟೈಪ್ ಮಾಡುವಾಗ ಅಂಗೈ ತಾಗಿದರೆ ಸುಮ್ಮನಿರುವುದು ಇವೆಲ್ಲ ಬರುವುದಿಲ್ಲ.

ಸ್ವಂತ ಭಾಷೆ ಆಡಿಸಬೇಕಾದರೆ ಗುಟ್ಟಾಗಿ ಬಾಗಿಲು ತಟ್ಟಬೇಕು. ಮೌಸಿಗೆ "ಇಷ್ಟು ಸೂಕ್ಷ್ಮವಾಗಿ ಅಳೆ" ಅಂತ ಹೇಳುವ ಒಂದು ಆಜ್ಞೆಯಿದೆ. ಸಿನಾಪ್ಟಿಕ್ಸ್ ಡ್ರೈವರ್ ಅದನ್ನೇ ಒಂದರ ಹಿಂದೊಂದರಂತೆ ನಾಲ್ಕು ಸಲ ಕಳಿಸುತ್ತದೆ. ಒಂದೊಂದರಲ್ಲೂ ಎರಡೆರಡು ಬಿಟ್ ಬಚ್ಚಿಟ್ಟು, ಒಟ್ಟು ಎಂಟು ಬಿಟ್ಟಿನ ಒಂದು ಸಂದೇಶ. ಮಾಮೂಲಿ ಮೌಸಿಗೆ ಇದು ಅರ್ಥವಿಲ್ಲದ ಗೊಣಗಾಟ. ಸಿನಾಪ್ಟಿಕ್ಸ್ ಪಟ್ಟಿಗೆ ಮಾತ್ರ "ಓ, ನಮ್ಮವನು ಬಂದ" ಅಂತ ತಿಳಿಯುತ್ತದೆ! ಆಮೇಲೆ ಅದು ಮೂರು ಬೈಟು ಬಿಟ್ಟು ಆರು ಬೈಟಿನಲ್ಲಿ ಮಾತಾಡುತ್ತದೆ. ಜಪಾನಿನ ಆಲ್ಪ್ಸ್‌ನವರದು ಬೇರೆ ತಟ್ಟುವಿಕೆ, ತೈವಾನಿನ ಇಲಾನ್‌ನವರದು ಮತ್ತೊಂದು. ಒಬ್ಬರ ಗುಟ್ಟು ಇನ್ನೊಬ್ಬರಿಗೆ ಗೊತ್ತಿಲ್ಲ.

ಅಂಗಡಿಗಳಲ್ಲಿ ಕಾಣುವ ಅರ್ಧ ತೊಂದರೆಯ ಬೇರು ಇಲ್ಲಿದೆ. ಆಲ್ಪ್ಸ್ ಪಟ್ಟಿಗೆ ಸಿನಾಪ್ಟಿಕ್ಸ್ ಡ್ರೈವರ್ ಹಾಕಿದರೆ ಅದು ತಟ್ಟುತ್ತಲೇ ಇರುತ್ತದೆ, ಒಳಗಿನವರು ಬಾಗಿಲು ತೆಗೆಯುವುದಿಲ್ಲ. ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಬಾಣ ಓಡುತ್ತಿದ್ದು ಸ್ಕ್ರೋಲ್ ಮಾತ್ರ ಹೋಗಿದೆಯೇ? ಡಿವೈಸ್ ಮ್ಯಾನೇಜರ್ ತೆರೆದು ನೋಡಿ. "ಪಿಎಸ್/2 ಕಂಪ್ಯಾಟಿಬಲ್ ಮೌಸ್" ಅಂತ ಇದ್ದರೆ ಪಟ್ಟಿ ಇನ್ನೂ ವೇಷ ಕಳಚಿಲ್ಲ ಅಂತ ಅರ್ಥ. ಆಗ ಬೇಕಾದದ್ದು ಆ ಲ್ಯಾಪ್‌ಟಾಪ್ ಮಾಡಿದವರ ತಾಣದಲ್ಲಿ ಅದೇ ಮಾಡೆಲ್ಲಿಗೆ ಕೊಟ್ಟಿರುವ ಡ್ರೈವರ್. ಪಟ್ಟಿ ಮಾಡಿದ ಕಂಪನಿ ಯಾವುದೇ ಇರಲಿ, ಲ್ಯಾಪ್‌ಟಾಪ್ ಕಂಪನಿಯವರು ತಮಗೆ ಬೇಕಾದ ಹಾಗೆ ಅದನ್ನು ತಿದ್ದಿಸಿಕೊಂಡಿರುತ್ತಾರೆ.

ವೇಷ ಕಳಚಿದ ಕಾಲ

2005ರಲ್ಲಿ ಆಪಲ್ ಕಂಪನಿ ಫಿಂಗರ್‌ವರ್ಕ್ಸ್ ಎಂಬ ಸಣ್ಣ ಕಂಪನಿಯನ್ನು ಕೊಂಡಿತು. ಹಲವು ಬೆರಳುಗಳನ್ನು ಒಟ್ಟಿಗೆ ಗುರುತಿಸುವ ವಿದ್ಯೆ ಅವರದು. 2007ರ ಐಫೋನಿನಲ್ಲಿ, 2008ರ ಮ್ಯಾಕ್‌ಬುಕ್ ಏರ್‌ನ ಪಟ್ಟಿಯಲ್ಲಿ ಬಹುಬೆರಳಿನ ಆಟ ಶುರುವಾಯಿತು. ಫೋನಿನ ಗಾಜೂ ಲ್ಯಾಪ್‌ಟಾಪಿನ ಪಟ್ಟಿಯೂ ಒಂದೇ ವಂಶ. ಬೆರಳು ತಾಗಿದಾಗ ಆಗುವ ವಿದ್ಯುತ್ ಧಾರಣೆಯ ವ್ಯತ್ಯಾಸವನ್ನು ಎರಡೂ ಅಳೆಯುತ್ತವೆ. ಆ ವಂಶದ ಒಂದು ಕವಲು ಕೋಲಾರಕ್ಕೇ ಬಂತು! ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ತೈವಾನಿನ ವಿಸ್ಟ್ರಾನ್ 2020ರಲ್ಲಿ ಐಫೋನ್ ಜೋಡಿಸತೊಡಗಿತು. ಅದೇ ಡಿಸೆಂಬರಿನಲ್ಲಿ ಸಂಬಳದ ವಿಚಾರಕ್ಕೆ ಅಲ್ಲಿ ದೊಡ್ಡ ಗಲಾಟೆಯೂ ಆಯಿತು. 2023ರಲ್ಲಿ ಕಾರ್ಖಾನೆ ಟಾಟಾದವರ ಕೈ ಸೇರಿತು.

ಇತ್ತ ಹಲವು ಬೆರಳುಗಳ ಸುದ್ದಿ ಹೊರಲು ಹಳೆಯ ಪಿಎಸ್/2 ದಾರಿ ತೀರಾ ಕಿರಿದಾಯಿತು. 2012ರ ವಿಂಡೋಸ್ 8ರ ಜೊತೆ ಮೈಕ್ರೋಸಾಫ್ಟ್ ಬೇರೆ ದಾರಿ ತೋರಿಸಿತು. ಫಿಲಿಪ್ಸ್ ಕಂಪನಿ 1982ರಲ್ಲೇ ಮಾಡಿದ್ದ ಐ2ಸಿ ಎಂಬ ಎರಡು ತಂತಿಯ ಸಂಪರ್ಕದ ಮೇಲೆ ಪಟ್ಟಿ ಮಾತಾಡಲಿ ಅಂತ. 2013ರ ವಿಂಡೋಸ್ 8.1ರಲ್ಲಿ "ಪ್ರಿಸಿಷನ್ ಟಚ್‌ಪ್ಯಾಡ್" ಬಂತು. ಇನ್ನು ಒಬ್ಬೊಬ್ಬರದೂ ಒಂದೊಂದು ಗುಟ್ಟಿಲ್ಲ, ಎಲ್ಲ ಪಟ್ಟಿಗಳೂ ಒಂದೇ ಭಾಷೆ ಆಡಬೇಕು, ದುಭಾಷಿ ವಿಂಡೋಸಿನ ಒಳಗೇ ಇರುತ್ತಾನೆ. ಲಿನಕ್ಸ್ ಕಡೆಯೂ 2014ರ ಸುಮಾರಿಗೆ ಲಿಬ್‌ಇನ್‌ಪುಟ್ ಎಂಬ ತಂತ್ರಾಂಶ ಇದೇ ಕೆಲಸ ವಹಿಸಿಕೊಂಡಿತು.

ಹಾಗಾದರೆ ತೊಂದರೆ ಮುಗಿಯಬೇಕಿತ್ತಲ್ಲ? ದುಭಾಷಿಯ ತೊಂದರೆ ತೀರಿತು, ದಾರಿಯ ತೊಂದರೆ ಶುರುವಾಯಿತು. ಐ2ಸಿ ದಾರಿ ತೆರೆಯುವುದು ಮದರ್‌ಬೋರ್ಡಿನ ಚಿಪ್‌ಸೆಟ್. ಇಂಟೆಲ್ ಯಂತ್ರಗಳಲ್ಲಿ ಅದರ ಡ್ರೈವರಿಗೆ "ಸೀರಿಯಲ್ ಐಓ" ಅಂತ ಹೆಸರು. ಅದು ಇಲ್ಲದೆ ಹೋದರೆ ಪಟ್ಟಿ ಪೂರ್ತಿ ಸತ್ತಂತೆ, ಬಾಣವೂ ಓಡುವುದಿಲ್ಲ. ಹಳೆಯ ಪಟ್ಟಿ ವೇಷದಲ್ಲಾದರೂ ಕುಂಟುತ್ತಿತ್ತು, ಹೊಸದಕ್ಕೆ ಆ ವೇಷವೇ ಇಲ್ಲ. ಆಗ ಟಚ್‌ಪ್ಯಾಡ್ ಡ್ರೈವರನ್ನು ಹತ್ತು ಸಲ ಹಾಕಿದರೂ ಫಲವಿಲ್ಲ. ಒಂದು ಯುಎಸ್‌ಬಿ ಮೌಸ್ ಚುಚ್ಚಿ ಮೊದಲು ಚಿಪ್‌ಸೆಟ್ ಮತ್ತು ಸೀರಿಯಲ್ ಐಓ ಡ್ರೈವರ್ ಹಾಕಿ, ಪಟ್ಟಿ ತಾನಾಗಿ ಎದ್ದು ಕೂರುತ್ತದೆ.

ಮೂರನೇ ಪಿನ್ನು

ಈಗ ಡ್ರೈವರಿಗೆ ಸಂಬಂಧವೇ ಇಲ್ಲದಿದ್ದರೂ ಡ್ರೈವರಿನ ತಲೆಗೆ ಕಟ್ಟುವ ಒಂದು ಅಪವಾದ. ಬಾಣ ತಾನಾಗಿ ಕುಣಿಯುತ್ತದೆ, ಒತ್ತದೆಯೇ ಕ್ಲಿಕ್ ಆಗುತ್ತದೆ. ವೈರಸ್ ಅಂತಾರೆ, ಡ್ರೈವರ್ ಅಂತಾರೆ. ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಐದು ನಿಮಿಷ ಓಡಿಸಿ ನೋಡಿ. ಕುಣಿತ ನಿಂತಿತೇ? ಹಾಗಾದರೆ ದೋಷ ಚಾರ್ಜರಿನದು ಅಥವಾ ಗೋಡೆಯದು.

ಪಟ್ಟಿ ಬೆರಳನ್ನು ಅಳೆಯುವುದು ತನ್ನ ಒಳಗಿನ ನೆಲೆಗೆ ಹೋಲಿಸಿ. ಚಾರ್ಜರಿನ ಮೂರನೇ ಪಿನ್ನು ಭೂಮಿಗೆ ಸೇರದಿದ್ದರೆ ಆ ನೆಲೆಯೇ ಅಲುಗುತ್ತದೆ, ಇಟ್ಟಲ್ಲೇ ಇರುವ ಬೆರಳೂ ಕುಣಿದಂತೆ ಕಾಣುತ್ತದೆ. ಎಷ್ಟೋ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೂರನೆಯದಕ್ಕೆ ತಂತಿಯೇ ಇರುವುದಿಲ್ಲ. ತಂತಿ ಇದ್ದರೂ ಸಾಲದು. ಅರ್ಥಿಂಗ್ ಗುಂಡಿಗೆ ಉಪ್ಪು, ಇದ್ದಿಲು ಹಾಕಿ ನೀರು ಹೊಯ್ಯುವುದು ಸುಮ್ಮನಲ್ಲ, ಒಣಮಣ್ಣಿನಲ್ಲಿ ವಿದ್ಯುತ್ ಸುಲಭವಾಗಿ ಇಳಿಯುವುದಿಲ್ಲ. ನಮ್ಮದೋ ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ, ಕೆಳಗೆ ಕಲ್ಲು. ಸಾವಿರ ಅಡಿ ದಾಟಿದ ಬೋರ್‌ವೆಲ್ಲುಗಳ ನಾಡು. ಬೆಂಗಳೂರಿನ ಸಂಸ್ಕರಿಸಿದ ನೀರು ಕೆಸಿ ವ್ಯಾಲಿ ಯೋಜನೆಯಲ್ಲಿ ಇಲ್ಲಿನ ಕೆರೆಗಳಿಗೆ ಬರತೊಡಗಿದ್ದೇ 2018ರಲ್ಲಿ.

ವಿಪರ್ಯಾಸ ನೋಡಿ. ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ತಂದದ್ದು 1902ರಲ್ಲಿ. ಬೆಂಗಳೂರಿನ ಬೀದಿ ದೀಪಕ್ಕಿಂತ ಮೂರು ವರ್ಷ ಮೊದಲು! ವಿದ್ಯುತ್ತು ಅಷ್ಟು ಬೇಗ ಬಂದ ಸೀಮೆಯಲ್ಲಿ ಮೂರನೇ ಪಿನ್ನಿಗೆ ಇನ್ನೂ ನೆಲ ಸಿಕ್ಕಿಲ್ಲ. ಇದು ಬರೀ ಬಾಣದ ವಿಷಯವಲ್ಲ, ಶಾಕ್ ಹೊಡೆಯುವ ವಿಷಯ. ಟಚ್‌ಪ್ಯಾಡ್ ಕುಣಿದರೆ ಎಲೆಕ್ಟ್ರಿಷಿಯನ್ನರಿಂದ ಅರ್ಥಿಂಗ್ ನೋಡಿಸುವುದು ಒಳ್ಳೆಯದು.

ನೋಡುವ ಕ್ರಮ

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಹೊರಗಿನಿಂದ ಒಳಗೆ ಹೋಗಬೇಕು.

ಮೊದಲು ಬೆರಳು. ಶ್ರೀನಿವಾಸಪುರದ ಮಾವು ತಿಂದ ಕೈ, ಮುಳಬಾಗಿಲು ದೋಸೆಯ ತುಪ್ಪದ ಕೈ ಎರಡೂ ಪಟ್ಟಿಗೆ ಆಗಿಬರುವುದಿಲ್ಲ :) ಒದ್ದೆಯಿದ್ದರೆ ಅದಕ್ಕೆ ಬೆರಳೆಲ್ಲಿ, ನೀರೆಲ್ಲಿ ಅಂತ ತಿಳಿಯದು. ಒಣಬಟ್ಟೆಯಲ್ಲಿ ಒರೆಸಿ.

ಎರಡನೆಯದು ಕೀಲಿ. ಎಫ್ ಸಾಲಿನ ಯಾವುದೋ ಕೀಲಿಯಲ್ಲಿ ಪಟ್ಟಿಯ ಚಿತ್ರವಿರುತ್ತದೆ. ತಿಳಿಯದೆ ಒತ್ತಿ ಪಟ್ಟಿಯನ್ನು ಆರಿಸಿರಬಹುದು. ಎಫ್ಎನ್ ಜೊತೆ ಇನ್ನೊಮ್ಮೆ ಒತ್ತಿದರೆ ಕೆಲಸ ಮುಗಿಯಿತು, ಖರ್ಚು ಸೊನ್ನೆ.

ಮೂರನೆಯದು ಚಾರ್ಜರ್, ಮೇಲೆ ಹೇಳಿದಂತೆ.

ನಾಲ್ಕನೆಯದು ಹೊಟ್ಟೆ. ಪಟ್ಟಿ ಮೇಲಕ್ಕೆ ಉಬ್ಬಿದ್ದರೆ, ಒತ್ತಿದರೆ ಕ್ಲಿಕ್ ಆಗದಿದ್ದರೆ ಕೆಳಗಿನ ಬ್ಯಾಟರಿ ಊದಿಕೊಂಡಿರಬಹುದು. ಆಗ ಡ್ರೈವರ್ ಮಾತೇ ಬೇಡ. ಕೂಡಲೇ ಆರಿಸಿ, ಚಾರ್ಜ್ ಮಾಡದೆ ಬ್ಯಾಟರಿ ಬದಲಾಯಿಸಿ. ಚುಚ್ಚುವುದು, ಒತ್ತುವುದು ಬೇಡ, ಬೆಂಕಿ ಹತ್ತಬಹುದು.

ಐದನೆಯದು ಬಯಾಸ್. ಯಂತ್ರ ಶುರುವಾಗುವಾಗ ಬಯಾಸ್ ಪರದೆಗೆ ಹೋಗಿ ಟಚ್‌ಪ್ಯಾಡ್ ಆಯ್ಕೆ ಆರಿಹೋಗಿದೆಯೇ ನೋಡಿ. ಪೆನ್‌ಡ್ರೈವಿನಿಂದ ಲಿನಕ್ಸ್ ಓಡಿಸಿ ನೋಡುವುದು ಇನ್ನೂ ಒಳ್ಳೆಯ ಪರೀಕ್ಷೆ. ಒಳಗಿನ ಫೈಲುಗಳಿಗೆ ಏನೂ ಆಗುವುದಿಲ್ಲ. ಅಲ್ಲಿ ಪಟ್ಟಿ ಓಡಿದರೆ ಯಂತ್ರಾಂಶ ಗಟ್ಟಿಯಾಗಿದೆ, ದೋಷ ವಿಂಡೋಸಿನ ಕಡೆ.

ಇಷ್ಟೆಲ್ಲ ದಾಟಿದ ಮೇಲೆ ಆರನೆಯದಾಗಿ ಡ್ರೈವರ್. ಫಾರ್ಮ್ಯಾಟ್ ಎಂಬುದು ಈ ಪಟ್ಟಿಯ ತೀರಾ ಕೊನೆಗೆ, ಅದೂ ಫೈಲುಗಳನ್ನು ಬೇರೆ ಕಡೆ ಇಟ್ಟ ಮೇಲೆ.

ಇದನ್ನೆಲ್ಲ ಈಗ ಹೇಳಲು ಇನ್ನೊಂದು ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ ನಿಂತಿತು. ಹಳೆಯ ಎಷ್ಟೋ ಯಂತ್ರಗಳನ್ನು ವಿಂಡೋಸ್ 11 ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬೆಂಗಳೂರಿನ ಆಫೀಸುಗಳಲ್ಲಿ ದುಡಿದು ಸೆಕೆಂಡ್‌ಹ್ಯಾಂಡಿನಲ್ಲಿ ಕೋಲಾರ ರಸ್ತೆ ಹಿಡಿದು ಬಂದ ಲ್ಯಾಪ್‌ಟಾಪುಗಳೇ ನಮ್ಮ ಕಡೆಯ ಎಷ್ಟೋ ವಿದ್ಯಾರ್ಥಿಗಳ ಮೊದಲ ಕಂಪ್ಯೂಟರು. ಮಾಡಿದ ಕಂಪನಿ ಅವುಗಳ ಡ್ರೈವರನ್ನು ತನ್ನ ತಾಣದಿಂದ ತೆಗೆದರೂ ಲಿನಕ್ಸ್ ತಿರುಳಿನಲ್ಲಿ ಆ ಹಳೆಯ ಗುಟ್ಟಿನ ತಟ್ಟುವಿಕೆಗಳು ಇನ್ನೂ ಇವೆ. ಸಿನಾಪ್ಟಿಕ್ಸ್, ಆಲ್ಪ್ಸ್, ಇಲಾನ್ ಎಲ್ಲರ ಬಾಗಿಲನ್ನೂ ಅದು ಒಂದೊಂದಾಗಿ ತಟ್ಟಿ ನೋಡುತ್ತದೆ. ಕೆಲವು ಗುಟ್ಟುಗಳನ್ನು ಯಾರೋ ರಾತ್ರಿಯೆಲ್ಲ ಕೂತು ಬಿಡಿಸಿ, ಎಲ್ಲರಿಗೂ ಪುಕ್ಕಟೆ ಕೊಟ್ಟರು.

ಹಾಗಾಗಿ ಪಟ್ಟಿ ಸತ್ತಿತೆಂದು ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಅದರ ವಯಸ್ಸು ಕೇಳಿ, ಮೂರನೇ ಪಿನ್ನು ನೋಡಿ. ನಿಮ್ಮ ಊರಿನ ಸಾಕೆಟ್ಟಿನಲ್ಲಿ ಆ ಮೂರನೇ ತಂತಿ ಇದೆಯೇ? ನೋಡಿ ಹೇಳಿ.