ಜಾತಿಯನ್ನೇ ಸಾಕ್ಷಿಗೆ ಒಯ್ದ ಅರ್ಜಿ: ಥಿಂಡ್ ಮೊಕದ್ದಮೆ, 1923

ಮೊದಲ ಮಹಾಯುದ್ಧ ಮುಗಿದು ತಿಂಗಳೊಳಗೇ, 1918ರ ಡಿಸೆಂಬರ್ 9ರಂದು, ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಭಗತ್ ಸಿಂಗ್ ಥಿಂಡ್ ಸೈನಿಕರ ಸಮವಸ್ತ್ರದಲ್ಲೇ ಪೌರತ್ವ ಪಡೆದರು. ನಾಲ್ಕೇ ದಿನಕ್ಕೆ ಅದು ರದ್ದಾಯಿತು. ಅವರು ‘ಬಿಳಿಯ’ರಲ್ಲ ಎಂಬುದು ಕಾರಣ. ಕ್ಯಾಂಪ್ ಲೂಯಿಸ್ ಶಿಬಿರದ ಒಂದು ಛಾಯಾಚಿತ್ರ ಉಳಿದಿದೆ: ಮೈಮೇಲೆ ಅಮೆರಿಕನ್ ಸೇನೆಯ ಉಡುಪು, ತಲೆಗೆ ಸಿಖ್ಖರ ಪೇಟ. ಈ ಸಿಖ್ಖರನ್ನು ಕೋರ್ಟಿನ ಕಾಗದಗಳು ‘ಹಿಂದೂ’ ಎಂದೇ ಕರೆದವು. ಅಲ್ಲಿ ಅದು ಧರ್ಮವಲ್ಲ, ಜನಾಂಗ. 1920, 1930, 1940ರ ಅಮೆರಿಕನ್ ಜನಗಣತಿಗಳಲ್ಲೂ ಹಾಗೆಯೇ ನಮೂದಾಗಿದೆ.

1790ರ ಕಾನೂನು ಹೊರಗಿನಿಂದ ಬಂದವರಲ್ಲಿ ಸ್ವತಂತ್ರ ಬಿಳಿಯರಿಗೆ ಮಾತ್ರ ಪೌರತ್ವ ಕೊಟ್ಟಿತ್ತು. 1870ರಲ್ಲಿ ಆಫ್ರಿಕನ್ ಮೂಲದವರೂ ಸೇರಿದರು. ಏಷ್ಯಾದವರು ಎರಡೂ ಕಡೆ ಸಲ್ಲಲಿಲ್ಲ.

1920ರಲ್ಲಿ ಆರಿಗನ್ ರಾಜ್ಯದಲ್ಲಿ ಥಿಂಡ್ ಮತ್ತೆ ಪೌರರಾದರು. ಸರ್ಕಾರ ಮೇಲ್ಮನವಿ ಹಾಕಿತು, ಪ್ರಕರಣ ಸುಪ್ರೀಂ ಕೋರ್ಟ್ ಮುಟ್ಟಿತು. ಅಲ್ಲಿ ಅವರ ಪರವಾಗಿ ಮಂಡಿಸಿದ ವಾದ ಓದಿದರೆ ಇಂದಿಗೂ ಮನಸ್ಸು ಕಲಕುತ್ತದೆ. ತಾನು ಮೇಲ್ಜಾತಿಯವ, ಆರ್ಯ, ಆದ್ದರಿಂದ ಕಕೇಷಿಯನ್, ಅಂದರೆ ಬಿಳಿಯ. ಬಿಳಿಯ ಅಮೆರಿಕನ್ನರು ಕರಿಯರೊಡನೆ ಮದುವೆ ಸಂಬಂಧ ಬೆಳೆಸಲು ಹೇಗೆ ಹಿಂಜರಿಯುತ್ತಾರೋ, ಭಾರತದ ಮೇಲ್ಜಾತಿಯವರೂ ಮೂಲನಿವಾಸಿಗಳೊಡನೆ ಹಾಗೆಯೇ ಎಂಬುದು ಅದರ ತಿರುಳು. ಜಾತಿಭೇದವನ್ನು ನಿರಾಕರಿಸಿದ ಗುರುಗಳ ಪಂಥದವರೊಬ್ಬರ ಅರ್ಜಿ ಇದು! ಬೇಲಿ ಕೀಳಿರೆಂದು ಅದು ಕೇಳಲಿಲ್ಲ. ಬೇಲಿಯ ಒಳಗೆ ಜಾಗ ಕೇಳಿತು. ಊರಲ್ಲಿ ಹುಟ್ಟಿನಿಂದ ಬಂದ ಮೇಲ್ಮೆಯೇ ಪರದೇಶದಲ್ಲೂ ರಹದಾರಿಯಾದೀತೆಂಬ ನಂಬಿಕೆ ಅದರಲ್ಲಿದೆ. ಕಾನೂನೇ ಹಾಗಿದ್ದಾಗ ವಕೀಲರಿಗೆ ಬೇರೆ ದಾರಿ ಕಡಿಮೆ ಇತ್ತೆಂಬುದನ್ನು ಒಪ್ಪುತ್ತೇನೆ. ಆದರೂ ಆ ಹೋಲಿಕೆಯನ್ನು ಯಾರೂ ಅವರ ಬಾಯಿಗೆ ತುರುಕಿರಲಿಲ್ಲ.

1923ರ ಫೆಬ್ರವರಿ 19ರಂದು ಕೋರ್ಟ್ ಒಮ್ಮತದಿಂದ ‘ಇಲ್ಲ’ ಎಂದಿತು. ತೀರ್ಪು ಬರೆದ ಜಾರ್ಜ್ ಸದರ್ಲೆಂಡ್ ಸ್ವತಃ ಇಂಗ್ಲೆಂಡಿನಲ್ಲಿ ಹುಟ್ಟಿದವರು. ಮೂರು ತಿಂಗಳ ಹಿಂದೆ ಜಪಾನಿನ ಟಕಾವೊ ಒಜಾವಾ ಅವರ ಮೊಕದ್ದಮೆಯಲ್ಲಿ ಬಿಳಿಯನೆಂದರೆ ಕಕೇಷಿಯನ್ ಎಂದು ಬರೆದಿದ್ದವರೂ ಅವರೇ. ಈಗ ವಿದ್ವಾಂಸರ ವರ್ಗೀಕರಣ ಬದಿಗಿಟ್ಟು, ಜನಸಾಮಾನ್ಯರ ತಿಳಿವಳಿಕೆಯೇ ಅಳತೆ ಎಂದರು.

ಪೆಟ್ಟು ಎಲ್ಲರಿಗೂ ಬಿತ್ತು. ಈಗಾಗಲೇ ಪೌರರಾಗಿದ್ದ ಹಲವು ಭಾರತೀಯರ ಪೌರತ್ವ ಹೋಯಿತು. ಪೇಶಾವರದಿಂದ 1915ರಲ್ಲಿ ಹೆಂಡತಿ ಕಲಾ ಮತ್ತು ಮೂವರು ಗಂಡುಮಕ್ಕಳೊಂದಿಗೆ ಬಂದಿದ್ದ ವೈಷ್ಣೋ ದಾಸ್ ಬಗಾಯ್ ಅವರದೂ ಹೋಯಿತು. ಬರ್ಕ್‌ಲಿಯಲ್ಲಿ ಅವರು ಮನೆ ಕೊಂಡು ಸಾಮಾನಿನೊಡನೆ ಬಂದಾಗ ನೆರೆಯವರು ಬೀಗ ಜಡಿದಿದ್ದರು. 1928ರಲ್ಲಿ ಅವರು ಪತ್ರ ಬರೆದಿಟ್ಟು ಪ್ರಾಣ ಕಳೆದುಕೊಂಡರು. ಥಿಂಡ್ ಅವರಿಗೆ 1936ರಲ್ಲಿ, ಮಾಜಿ ಸೈನಿಕರೆಂಬ ನೆಲೆಯಲ್ಲಿ, ಮೂರನೆಯ ಬಾರಿ ಪೌರತ್ವ ಸಿಕ್ಕಿತು. ಉಳಿದ ಭಾರತೀಯರು 1946ರವರೆಗೆ ಕಾದರು.

ಇದೇ ದೇಶದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಂಬೇಡ್ಕರ್ 1916ರ ಮೇ ತಿಂಗಳಲ್ಲೇ ಜಾತಿಯ ಕುರಿತು ಪ್ರಬಂಧ ಓದಿದ್ದರು. ಭಾರತೀಯರು ಜನಾಂಗವಾಗಿ ಬೆರಕೆಯವರೇ, ಜಾತಿಯ ವಿವರಣೆಯಲ್ಲಿ ಬಣ್ಣಕ್ಕೆ ಯುರೋಪಿನ ವಿದ್ವಾಂಸರು ಅತಿಯಾದ ಮಹತ್ವ ಕೊಟ್ಟಿದ್ದಾರೆ ಎಂದಿದ್ದರು. ಥಿಂಡ್ ಪರ ವಾದ ನಿಂತದ್ದು ಅವರು ಅಲ್ಲಗಳೆದ ನೆಲದ ಮೇಲೆಯೇ.

ಕನ್ನಡಿಗರೂ ಸೇರಿ ಅನೇಕ ಭಾರತೀಯ ತಂತ್ರಜ್ಞರು ಇಂದು ದುಡಿಯುವ ಸಿಯಾಟಲ್ ನಗರ ಅದೇ ವಾಷಿಂಗ್ಟನ್ ರಾಜ್ಯದಲ್ಲಿದೆ. ತೀರ್ಪಿಗೆ ನೂರು ವರ್ಷ ತುಂಬಿ ಎರಡು ದಿನಕ್ಕೆ, 2023ರ ಫೆಬ್ರವರಿ 21ರಂದು, ಅಲ್ಲಿನ ನಗರಸಭೆ ಜಾತಿ ತಾರತಮ್ಯವನ್ನು ನಿಷೇಧಿಸಿತು.