ಬಂದವರು, ನೆಲೆಸಿದವರು, ನಮ್ಮವರು: ಹಾಸನ ಸೀಮೆಯ ಒಂದು ವಿಚಾರಣೆ

ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯನ್ನು 1113ರ ಸುಮಾರಿಗೆ ಕಟ್ಟಿಸಿದವರು ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ಶಾಸನದಲ್ಲಿ ಊರಿಗೆ ‘ಅಭಿನವ ಕೊಲ್ಲಾಪುರ’ ಎಂಬ ಹೆಸರೂ ಇದೆ. ಕೊಲ್ಲಾಪುರದ ದೇವಿ ಹೊಯ್ಸಳ ನಾಡಿನ ಕೆರೆ ದಂಡೆಗೆ ಬಂದು ನೆಲೆಸಿದ್ದಾಳೆ. ವರ್ತಕನ ಹೆಸರಿನಲ್ಲೂ ಬಡಗಣ ನಾಡಿನ ಸದ್ದು ಕೇಳಿದಂತಾಗುತ್ತದೆ, ಆದರೆ ಇದು ನನ್ನ ಊಹೆ ಮಾತ್ರ.

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಮತ್ತು ಹಾಸನದ ಬಳಿಯ ಕೌಶಿಕದ ಸಂಕೇತಿ ಬ್ರಾಹ್ಮಣರ ವಿಷಯದಲ್ಲಿ ಊಹೆ ಬೇಕಿಲ್ಲ. ತಮ್ಮ ಹಿರಿಯರು ತಮಿಳುನಾಡಿನ ಸೆಂಗೋಟ್ಟೈ ಕಡೆಯಿಂದ ಬಂದರೆಂದು ಅವರೇ ಹೇಳುತ್ತಾರೆ. ತಮಿಳು, ಮಲಯಾಳ, ಕನ್ನಡ ಬೆರೆತ ಮಾತನ್ನು ಇಂದಿಗೂ ಮನೆಯೊಳಗೆ ಆಡುತ್ತಾರೆ. ಆದರೂ ರುದ್ರಪಟ್ಟಣದಲ್ಲಿ ಹುಟ್ಟಿದ ಗಾಯಕ ಆರ್.ಕೆ. ಶ್ರೀಕಂಠನ್ ಅವರನ್ನು ಹೊರಗಿನವರೆಂದವರಿಲ್ಲ. ತೋಟ ಮಾಡಿ, ನೀರು ಕಟ್ಟಿ, ಊರಿನ ಕೆಲಸಕ್ಕೆ ಹೆಗಲು ಕೊಟ್ಟವರು ಮೂರ್ನಾಲ್ಕು ತಲೆಮಾರಿನಲ್ಲಿ ನಮ್ಮವರಾದರು.

ಹಾಗಾದರೆ ‘ಹೊರಗಿನವರು’ ಎಂಬ ಮಾತಿಗೆ ಮೊನೆ ಬಂದದ್ದು ಯಾವಾಗ? ಸಂಬಳದ ಹುದ್ದೆಗಳು ಹುಟ್ಟಿದಾಗ ಎಂಬುದು ನನ್ನ ವಾದ. 1881ರಲ್ಲಿ ಮೈಸೂರು ರಾಜ್ಯ ಬ್ರಿಟಿಷರ ಕೈಯಿಂದ ಒಡೆಯರಿಗೆ ಮರಳಿತು, ಅದೇ ವರ್ಷ ಪ್ರಜಾಪ್ರತಿನಿಧಿ ಸಭೆಯೂ ಸೇರಿತು. ದಿವಾನ ರಂಗಾಚಾರ್ಲು, 1883ರಿಂದ 1901ರವರೆಗೆ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್, ಇಬ್ಬರೂ ಮದರಾಸು ಆಡಳಿತದಲ್ಲಿ ಪಳಗಿ ಬಂದವರು. ಅವರ ಹಿಂದೆ ಮದರಾಸಿನಲ್ಲಿ ಇಂಗ್ಲಿಷ್ ಓದಿದ ಅಧಿಕಾರಿಗಳೂ ಬಂದರು. ‘ಮೈಸೂರು ಮೈಸೂರಿನವರಿಗೆ’ ಎಂಬ ಕೂಗು ಎದ್ದದ್ದು ಆಗ. ಸಂಸ್ಥಾನದ ಪತ್ರಿಕೆಗಳಲ್ಲಿ ಅದು ವರ್ಷಗಟ್ಟಲೆ ಚರ್ಚೆಯಾಯಿತು.

ಕೂಗಿದವರು ಯಾರೆಂದು ನೋಡಬೇಕು. ಹೊಳೆನರಸೀಪುರದ ಒಕ್ಕಲಿಗ ರೈತನ ಮಗ ಅಮಲ್ದಾರನಾಗುವ ಕನಸನ್ನೂ ಕಂಡಿರಲಿಲ್ಲ. ಜಗಳವಿದ್ದದ್ದು ಮುಖ್ಯವಾಗಿ ಮೈಸೂರಿನ ಬ್ರಾಹ್ಮಣರಿಗೂ ಮದರಾಸಿನ ಬ್ರಾಹ್ಮಣರಿಗೂ. ಮುಂದೆ ಮೈಸೂರಿನವರೇ ದಿವಾನರಾದರು. ಆಗ ಅದೇ ಪ್ರಶ್ನೆ ಮನೆಯೊಳಗೆ ತಿರುಗಿತು: ಮೈಸೂರಿನವರೆಂದರೆ ಯಾವ ಮೈಸೂರಿನವರು? 1918ರಲ್ಲಿ ನೇಮಕವಾದ ಲೆಸ್ಲಿ ಮಿಲ್ಲರ್ ಸಮಿತಿ, ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನವುಗಳಲ್ಲಿ ಮೂರನೇ ಎರಡರಷ್ಟು ಬ್ರಾಹ್ಮಣೇತರರಿಗೆ ಸಿಗಬೇಕೆಂದಿತು. ದಿವಾನ ವಿಶ್ವೇಶ್ವರಯ್ಯನವರು ಆ ಹೊತ್ತಿಗೆ ಹುದ್ದೆ ತೊರೆದರು. ನಮ್ಮವರು, ಹೊರಗಿನವರು ಎಂಬ ಗಡಿ ಜಾರಿದ್ದು ಹೀಗೆ, ಭಾಷೆಯ ಹೆಸರೇ ಎತ್ತದೆ.

ಕೂಲಿಗೆ ಬಂದವರ ಬಗ್ಗೆ ಇಷ್ಟು ಮಾತು ನಡೆಯಲಿಲ್ಲ. ಮಂಜರಾಬಾದಿನ (ಈಗಿನ ಸಕಲೇಶಪುರ ಸೀಮೆ) ಕಾಫಿ ತೋಟಗಳಿಗೆ ಘಟ್ಟದ ಕೆಳಗಿನಿಂದ, ಬಯಲುಸೀಮೆಯಿಂದ ಮೇಸ್ತ್ರಿಗಳು ಮುಂಗಡ ಕೊಟ್ಟು ಆಳು ತರುತ್ತಿದ್ದರು. ಯಾರೂ ಬಯಸದ ಕೆಲಸಕ್ಕೆ ಬಂದವರ ಊರು ಯಾವುದೆಂದು ಕೇಳುವವರಿಲ್ಲ.

ಈಗಿನ ಚಿತ್ರ ಇದಕ್ಕೆ ಹೊಂದುತ್ತದೆ, ಪೂರ್ತಿಯಾಗಿ ಅಲ್ಲ. ಸಕಲೇಶಪುರ, ಬೇಲೂರು ಕಡೆಯ ಲೈನ್‌ಮನೆಗಳಲ್ಲಿ ಅಸ್ಸಾಮಿನ ಕುಟುಂಬಗಳಿವೆ. ಹಣ್ಣು ಕೊಯ್ಯುವ ಕಾಲಕ್ಕೆ ಅವರಿಲ್ಲದೆ ತೋಟ ನಡೆಯದು. ಅದೇ ಊರಿನ ಚಹಾದಂಗಡಿಯಲ್ಲಿ, ಇವರು ಅಸ್ಸಾಮಿನವರೋ ಬಾಂಗ್ಲಾದವರೋ ಎಂಬ ಗುಮಾನಿಯೂ ಓಡಾಡುತ್ತದೆ. ಹಿಂದಿನ ಕೂಲಿಯವರನ್ನು ಯಾರೂ ದೇಶದ ಹೆಸರು ಹಿಡಿದು ಹೀಗೆ ಕೇಳಿರಲಿಲ್ಲ. ರಾಷ್ಟ್ರೀಯತೆಯ ಪ್ರಶ್ನೆ ತೋಟದ ಗೇಟಿಗೆ ಬಂದದ್ದು ನಮ್ಮ ಕಾಲದಲ್ಲಿ.

ತೋಟಕ್ಕೆ ಹೊರಗಿನ ಆಳು ಬೇಕಾದದ್ದರ ಹಿಂದೆ ಒಂದು ಅಂಕಿಯೂ ಇದೆ. 2001ರಲ್ಲಿ 17,21,669 ಇದ್ದ ಹಾಸನ ಜಿಲ್ಲೆಯ ಜನ 2011ಕ್ಕೆ 17,76,421 ಆದರು. ರಾಜ್ಯ ಶೇ. 15ಕ್ಕೂ ಮೇಲೆ ಬೆಳೆದಾಗ ಜಿಲ್ಲೆ ಬೆಳೆದದ್ದು ಶೇ. 3ರ ಆಸುಪಾಸು. ಹೆರಿಗೆ ಕಡಿಮೆಯಾದದ್ದು ಒಂದು ಕಾರಣ. ಚನ್ನರಾಯಪಟ್ಟಣ, ಹೊಳೆನರಸೀಪುರದ ಹುಡುಗರು ಬೆಂಗಳೂರಿನ ಬಸ್ಸು ಹತ್ತಿದ್ದು ಇನ್ನೊಂದು. ಬೆಂಗಳೂರಿನಲ್ಲಿ ಆ ಹುಡುಗರೇ, ಕೆಲಸವೆಲ್ಲ ಹೊರರಾಜ್ಯದವರ ಪಾಲಾಯಿತೆಂದು ಗೊಣಗುತ್ತಾರೆ. ಗೊಣಗಾಟಕ್ಕೆ ಕಾರಣವಿಲ್ಲದಿಲ್ಲ: 1980ರ ದಶಕದ ಸರೋಜಿನಿ ಮಹಿಷಿ ವರದಿ ಸ್ಥಳೀಯರಿಗೆ ಉದ್ಯೋಗ ಕೊಡಬೇಕೆಂದರೂ ಅದು ಬಹುಪಾಲು ಕಾಗದದಲ್ಲೇ ಉಳಿಯಿತು. 2024ರ ಜುಲೈನಲ್ಲಿ ಖಾಸಗಿ ಸಂಸ್ಥೆಗಳ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ ಎಂಬ ಮಸೂದೆಗೆ ಸಂಪುಟ ಒಪ್ಪಿತು. ಉದ್ಯಮಿಗಳು ಗುಲ್ಲೆಬ್ಬಿಸಿದ ಮೇಲೆ ಕೆಲವೇ ದಿನಗಳಲ್ಲಿ ತಡೆಹಿಡಿಯಿತು. ಆ ವಿವಾದದಲ್ಲಿ ಜನ ವಾದಿಸಿದ್ದೆಲ್ಲ ಕಚೇರಿ, ಕಾರ್ಖಾನೆಯ ಹುದ್ದೆಗಳ ಬಗ್ಗೆ. ಕಾಫಿ ಕೊಯ್ಲಿನಲ್ಲಿ ಶೇ. 70 ನಮಗೇ ಬೇಕೆಂದವರನ್ನು ನಾನು ಕಂಡಿಲ್ಲ.

2021ರಲ್ಲಿ ಆಗಬೇಕಿದ್ದ ಜನಗಣತಿ ಆ ವರ್ಷ ನಡೆಯಲಿಲ್ಲ. ಎಷ್ಟು ಮಂದಿ ಬಂದರು, ಎಷ್ಟು ಮಂದಿ ಹೋದರು ಎಂದು ಹುಡುಕುವವರು ಎಸ್ಟೇಟ್ ರೈಟರುಗಳ ಚೆಕ್‌ರೋಲ್ ಪುಸ್ತಕಗಳನ್ನೇ ತಿರುವಿ ನೋಡಬೇಕು. ಅವುಗಳಲ್ಲಿ ಹೆಸರಿನ ಪಕ್ಕ ಇರುವುದು ದಿನಗೂಲಿಯ ಲೆಕ್ಕ.