ಲೆವಿ ಭತ್ತದ ಹಿಂದಿನ ಕೈಗಳು

ಎರಡನೇ ಮಹಾಯುದ್ಧ ಅಂದ ಕೂಡಲೇ ನಮ್ಮ ಪಠ್ಯಪುಸ್ತಕಗಳು ಹಿಟ್ಲರ್, ಚರ್ಚಿಲ್ ಅನ್ನುತ್ತವೆ. ಆ ಯುದ್ಧಕಾಲದಲ್ಲಿ ಅನ್ನ ಬೆಳೆದವರು ಯಾರು? ಬೆಸಗರಹಳ್ಳಿ, ಮದ್ದೂರು, ಮಳವಳ್ಳಿ ಕಡೆಯ ಕೇರಿಗಳಲ್ಲಿ ನಿಂತು ನಾವು ಇದನ್ನು ಕೇಳಲೇಬೇಕು.

1939ರಲ್ಲಿ ಯುದ್ಧ ಶುರುವಾಯಿತು. ಅದೇ ವರ್ಷ ಮಂಡ್ಯ ಬೇರೆ ಜಿಲ್ಲೆಯಾಯಿತು. ಕನ್ನಂಬಾಡಿ ಕಟ್ಟೆಯ ನೀರು ಇರ್ವಿನ್ ನಾಲೆಯಲ್ಲಿ ಹರಿದು ಒಣ ಹೊಲಗಳು ಗದ್ದೆಯಾಗುತ್ತಿದ್ದ ಕಾಲ. 1942ರಲ್ಲಿ ಜಪಾನು ಬರ್ಮಾ ಹಿಡಿಯಿತು. ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು, ಸೀಮೆಎಣ್ಣೆಗೂ ಬರ ಬಂತು. 1943ರಲ್ಲಿ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿದು ಸತ್ತರು. ಪಟ್ಟಣಕ್ಕೆ ರೇಷನ್ ಬಂತು, ಹಳ್ಳಿಗೆ ಲೆವಿ ಬಂತು.

ಲೆವಿ ಬರೆದದ್ದು ಖಾತೆದಾರನ ಹೆಸರಿಗೆ. ಪೈರು ಕಿತ್ತು, ಕೆಸರಲ್ಲಿ ಬಗ್ಗಿ ನಾಟಿ ಹಾಕಿ, ಕಳೆ ತೆಗೆದು, ಕುಯ್ದು, ತೂರಿದವಳು ಹೆಣ್ಣು. ಹೊತ್ತು ಮುಳುಗಿದ ಮೇಲೆ ಒನಕೆ, ರಾಗಿಕಲ್ಲು, ಸೌದೆ, ನೀರು, ಕೂಸು. ಕಾಳು ಕಮ್ಮಿಯಾದಾಗ ಮೊದಲು ಬರಿದಾದದ್ದು ಕೊನೆಗೆ ಉಣ್ಣುವ ಅವಳ ತಣಿಗೆಯೇ.

ಇಲ್ಲೂ ಜಾತಿ ಇತ್ತು. ಒಕ್ಕಲು ಮನೆಯ ಹೆಂಗಸು ಗಂಡನ ಗದ್ದೆಯಲ್ಲಿ ಕೂಲಿಯಿಲ್ಲದೆ ದುಡಿದಳು. ಹೊಲಗೇರಿಯ ಅವ್ವ ಇನ್ನೊಬ್ಬರ ಗದ್ದೆಯಲ್ಲಿ ಗಂಡಾಳಿಗಿಂತ ಕಮ್ಮಿ ಕೂಲಿಗೆ ದುಡಿದಳು. ಅವಳು ನೆಟ್ಟ ಭತ್ತಕ್ಕೆ ಮೈಲಿಗೆಯಿಲ್ಲ, ಅವಳು ಮುಟ್ಟಿದ ಬಾವಿಗೆ ಮೈಲಿಗೆ! ಒಬ್ಬಳಿಗೆ ಗಂಡನ ಖಾತೆಯ ನೆರಳಾದರೂ ಇತ್ತು, ಇನ್ನೊಬ್ಬಳಿಗೆ ಅದೂ ಇಲ್ಲ.

ಬ್ರಿಟನ್ನಿನಲ್ಲಿ ಸರ್ಕಾರವೇ 1939ರಲ್ಲಿ ಹೆಂಗಸರ ಭೂಸೇನೆ ಕಟ್ಟಿ ಸಮವಸ್ತ್ರ ಕೊಟ್ಟಿತು. ಒಂದು ಹಂತದಲ್ಲಿ ಅದರಲ್ಲಿ 80,000 ಮಂದಿ ಇದ್ದರು. ಬದುಕುಳಿದವರಿಗೆ ಅಲ್ಲಿನ ಸರ್ಕಾರ ಗೌರವದ ಬಿಲ್ಲೆ ಕೊಟ್ಟದ್ದು ಮಾತ್ರ 2008ರಲ್ಲಿ. ಅಲ್ಲಿ ಹೆಂಗಸರು ಹೊಲಕ್ಕಿಳಿದದ್ದು ಸುದ್ದಿಯಾಯಿತು. ನಮ್ಮವರು ಯುದ್ಧಕ್ಕೆ ಮುಂಚೆಯೂ ಗದ್ದೆಯಲ್ಲೇ ಇದ್ದರು, ಆಮೇಲೂ ಅಲ್ಲೇ ಇದ್ದರು. ದಿನವೂ ಕಂಡದ್ದನ್ನು ಯಾರು ಬರೆಯುತ್ತಾರೆ?

1974ರ ಭೂಸುಧಾರಣೆಯಲ್ಲೂ ಮೊಳಗಿದ ಘೋಷಣೆ ‘ಉಳುವವನೇ ಒಡೆಯ’. ನೆಟ್ಟವಳು, ಕುಯ್ದವಳು ಆ ಮಾತಿನೊಳಗೆ ಬರಲೇ ಇಲ್ಲ. ಸಮಾನ ಕೂಲಿಯ ಕಾಯಿದೆ ಬಂದದ್ದು 1976ರಲ್ಲಿ. ಗದ್ದೆ ಬದುವಿನವರೆಗೆ ಅದು ನಡೆದು ಬಂತೇ?

ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಆ ಕಾಲ ಕಂಡವರು ಈಗ ಬೆರಳೆಣಿಕೆಯಷ್ಟು. ಅವರ ಹೆಣ್ಣುಮಕ್ಕಳು ಇದ್ದಾರೆ. ಕೇರಿಗೆ ಹೋಗಿ, ‘ನಿಮ್ಮವ್ವ ಯಾರ ಗದ್ದೆ ನೆಟ್ಟರು, ಕೂಲಿ ಏನು ಸಿಕ್ತು, ಮನೇಲಿ ಏನು ಉಂಡ್ರಿ’ ಅಂತ ಕೇಳೋಣ. ಹೆಸರು ಸಮೇತ ಬರೆದಿಡೋಣ. ಖಾತೆ ಪುಸ್ತಕ ಬಿಟ್ಟ ಹೆಸರುಗಳನ್ನು ನಾವೇ ಬರೆಯಬೇಕು.